ರಾತ್ರಿಯಿಡೀ ಎಚ್ಚರವಿರುವ ಬಲ್ಬು

ಜಿಗ್‌ಬೀ ಎಂದರೆ ಕಡಿಮೆ ವಿದ್ಯುತ್ತಿನ ಜಾಲ ಎಂಬ ಮಾತು ಇಪ್ಪತ್ತು ವರ್ಷಗಳಿಂದ ಯಾರೂ ಕೆದಕದೆ ನಡೆದುಬಂದಿದೆ. ಎಂಜಿನಿಯರಿಂಗ್ ಪಠ್ಯಗಳಲ್ಲಿ, ಅಂಗಡಿಯ ಪೆಟ್ಟಿಗೆಗಳ ಮೇಲೆ, ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಎಲ್ಲೆಲ್ಲೂ ಅದೇ ವಾಕ್ಯ. ನನ್ನ ತಕರಾರು ಆ ವಾಕ್ಯದ ಒಂದೇ ಪದದ ಮೇಲೆ: ಜಾಲ. ಕಡಿಮೆ ವಿದ್ಯುತ್ತಿನಲ್ಲಿ ಬಾಳುವುದು ತುದಿಯಲ್ಲಿ ಕೂತ ಪುಟ್ಟ ಸಾಧನ. ಅದರ ಮಾತನ್ನು ಹೊತ್ತು ಸಾಗಿಸುವ ಉಳಿದ ಜಾಲವೆಲ್ಲ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿಕೊಂಡಿದೆ. ಇದನ್ನು ನಾವು ವಿಮರ್ಶಕರು ಇಷ್ಟು ವರ್ಷ ಒತ್ತಿ ಹೇಳದೆ ಬಿಟ್ಟದ್ದು ತಪ್ಪು ಎಂದು ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತಿದೆ.

ಈ ಕ್ಷೇತ್ರ ಬಲ್ಲವರಿಗೆ ಇತಿಹಾಸ ಬೇಕಿಲ್ಲ. 2003ರಲ್ಲಿ ಐಇಇಇ 802.15.4 ಬಂತು. 2.4 ಗಿಗಾಹರ್ಟ್ಸ್‌ನಲ್ಲಿ 16 ಚಾನೆಲ್, ಸೆಕೆಂಡಿಗೆ 250 ಕಿಲೋಬಿಟ್, ಒಂದು ಫ್ರೇಮಿಗೆ ಹೆಚ್ಚೆಂದರೆ 127 ಬೈಟ್. ಅದರ ಮೇಲೆ ಜಿಗ್‌ಬೀ ಒಕ್ಕೂಟ 2004ರ ಡಿಸೆಂಬರಿನಲ್ಲಿ ತನ್ನ ಜಾಲದ ಪದರವನ್ನು ಕಟ್ಟಿತು. ಕೋಆರ್ಡಿನೇಟರ್, ರೌಟರ್, ಎಂಡ್ ಡಿವೈಸ್ ಎಂಬ ಮೂರು ಪಾತ್ರಗಳು. ಇಷ್ಟು ಸಾಕು.

ನನ್ನನ್ನು ಈ ಬರಹಕ್ಕೆ ಎಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ. ನಮ್ಮ ಭಾವನ ತೋಟದ ಕೆಳಗಿನ ಅಂಚಿನಲ್ಲಿ ಮಣ್ಣಿನ ತೇವ ಅಳೆಯುವ ಎರಡು ಸೆನ್ಸರ್ ಹೂತೆವು. ಮನೆಗೂ ಅವಕ್ಕೂ ನಡುವೆ ದೂರ ಜಾಸ್ತಿ, ಮರಗಳ ಅಡ್ಡ ಬೇರೆ. ಹಾಗಾಗಿ ಪಂಪ್‌ಶೆಡ್ಡಿನಲ್ಲಿ ಒಂದು ರೌಟರ್ ಕೂರಿಸಿದೆವು. ಮಾರಿದವರು ಬ್ಯಾಟರಿಗೆ ಹಲವು ವರ್ಷ ಬಾಳಿಕೆಯ ಭರವಸೆ ಕೊಟ್ಟಿದ್ದರು. ಸೆನ್ಸರಿನ ಮಟ್ಟಿಗೆ ಅದು ಸುಳ್ಳೇನಲ್ಲ. ಆದರೆ ಶೆಡ್ಡಿಗೆ ಕರೆಂಟು ಬರುವುದು ದಿನದಲ್ಲಿ ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಕರೆಂಟು ಹೋದೊಡನೆ ರೌಟರ್ ಸಾಯುತ್ತಿತ್ತು, ಕೆಳಗಿನ ಸೆನ್ಸರ್‌ಗಳು ಮಾತಾಡಲು ಯಾರೂ ಇಲ್ಲದೆ ಉಳಿಯುತ್ತಿದ್ದವು. ಭಾವ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಕರೆಂಟು ಬರೋ ಮುಂಚೆ ಗೊತ್ತಾಗ್ಬೇಕು ಮಾರಾಯ, ಯಾವ ಸಾಲಿಗೆ ನೀರು ಬಿಡ್ಬೇಕು ಅಂತ. ಬಂದ್ಮೇಲೆ ಗೊತ್ತಾಗಿ ಎಂತ ಮಾಡೂದು?”

ರೌಟರಿಗೂ ಬ್ಯಾಟರಿ ಹಾಕಿದರಾಯಿತಲ್ಲ ಎಂದು ಕೇಳುವವರು ಒಂದು ಹಳೆಯ ಡೇಟಾಶೀಟ್ ನೋಡಬೇಕು. ಈ ಕ್ಷೇತ್ರದ ಮೊದಲ ದಶಕವನ್ನು ಆಳಿದ ಚಿಪ್ ನಾರ್ವೆಯ ಚಿಪ್‌ಕಾನ್ ಕಂಪನಿಯ ಸಿಸಿ2420. ಪೂರ್ಣ ಶಕ್ತಿಯಲ್ಲಿ ಮಾತಾಡುವಾಗ ಅದು ಎಳೆಯುವುದು 17.4 ಮಿಲಿಆಂಪಿಯರ್. ಕೇಳಿಸಿಕೊಳ್ಳುವಾಗ 18.8. ಮಾತಿಗಿಂತ ಮೌನವಾಗಿ ಕಿವಿತೆರೆದು ಕೂರುವುದೇ ದುಬಾರಿ! ಯಾರೂ ಮಾತಾಡದಿದ್ದರೂ ಆ ಖರ್ಚು ತಪ್ಪದು, ಏಕೆಂದರೆ ಯಾವ ಗಳಿಗೆಯಲ್ಲಿ ಯಾರು ಮಾತಾಡುತ್ತಾರೋ ರೌಟರಿಗೆ ತಿಳಿಯದು. 2500 ಮಿಲಿಆಂಪಿಯರ್ ಗಂಟೆಯ ಎರಡು ಎಎ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಹೀಗೆ ಕೇಳುತ್ತ ಕೂರಿಸಿದರೆ 133 ಗಂಟೆ, ಅಂದರೆ ಐದೂವರೆ ದಿನ. ಇಂದಿನ ಒಳ್ಳೆಯ ಚಿಪ್ಪು ಆರು ಮಿಲಿಆಂಪಿಯರಿಗೆ ಇಳಿದಿದೆ ಎನ್ನೋಣ. ಆಗಲೂ ಹದಿನೇಳು ದಿನ. ಈ ಬಗೆಯ ಪ್ರೋಟೊಕಾಲ್ ರೂಪಿಸುವವರ ಮುಂದಿರುವ ನಿಜವಾದ ಪ್ರಶ್ನೆ ಇದೇ: ಯಾರು ಎಚ್ಚರವಿರಬೇಕು, ಎಷ್ಟು ಹೊತ್ತು, ಯಾರ ಖರ್ಚಿನಲ್ಲಿ?

ಜಿಗ್‌ಬೀ ಕೊಟ್ಟ ಉತ್ತರ ಒಂದು ಬಿಟ್ಟಿನಲ್ಲಿದೆ, ಅದನ್ನು ನಿಧಾನವಾಗಿ ಓದಬೇಕು. ಎಂಡ್ ಡಿವೈಸ್ ಮಲಗಿರುತ್ತದೆ. ಅದಕ್ಕೆ ಬಂದ ಸಂದೇಶವನ್ನು ಅದರ ಪೇರೆಂಟ್, ಅಂದರೆ ಹತ್ತಿರದ ರೌಟರ್, ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮಲಗಿದ್ದು ತನಗೆ ಬೇಕೆನಿಸಿದಾಗ ಎದ್ದು ‘ಡೇಟಾ ರಿಕ್ವೆಸ್ಟ್’ ಎಂಬ ಪುಟ್ಟ ಆದೇಶ ಕಳಿಸುತ್ತದೆ: ನನಗೇನಾದರೂ ಇದೆಯೇ? ಪೇರೆಂಟ್ ಕೂಡಲೇ ಆ್ಯಕ್ ಕಳಿಸಬೇಕು, ಆ ಆ್ಯಕ್‌ನೊಳಗೆ ‘ಫ್ರೇಮ್ ಪೆಂಡಿಂಗ್’ ಎಂಬ ಒಂದು ಬಿಟ್. ಸೊನ್ನೆಯಾದರೆ ಏನೂ ಇಲ್ಲ, ಸಾಧನ ಆ ಕ್ಷಣವೇ ರೇಡಿಯೊ ಆರಿಸಿ ಮತ್ತೆ ಮಲಗುತ್ತದೆ. ಒಂದಾದರೆ ರಿಸೀವರ್ ತೆರೆದಿಟ್ಟು ಕಾಯುತ್ತದೆ. ಇದರ ಸೊಗಸನ್ನು ಮನಸಾರೆ ಮೆಚ್ಚುತ್ತೇನೆ. ಕೇಳಿಸಿಕೊಳ್ಳುವುದು ದುಬಾರಿ ಎಂಬ ಸತ್ಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ನಿಭಾಯಿಸಿದ ವಿನ್ಯಾಸಗಳು ಹೆಚ್ಚಿಲ್ಲ.

ಸೂಕ್ಷ್ಮ ಮುಂದಿದೆ. ಪ್ರಶ್ನೆ ಬಂದಾಗಿನಿಂದ ಆ್ಯಕ್ ಹೊರಡುವವರೆಗೆ ಪೇರೆಂಟಿಗೆ ಇರುವ ಸಮಯ 192 ಮೈಕ್ರೊಸೆಕೆಂಡ್. ಅಷ್ಟರೊಳಗೆ ಪಟ್ಟಿ ತಡಕಿ ಈ ಮಗುವಿಗೆ ಏನಿದೆ ಎಂದು ನೋಡಲು ಅಗ್ಗದ ಪ್ರೊಸೆಸರಿಗೆ ಆಗದೇ ಹೋಗಬಹುದು. ಆಗ ಏನು ಮಾಡಬೇಕು? ಮಾನದಂಡ ಹೇಳುವುದು: ಖಚಿತವಿಲ್ಲದಿದ್ದರೆ ಒಂದು ಎಂದೇ ಹೇಳು, ಆಮೇಲೆ ಏನೂ ಇಲ್ಲವೆಂದು ಕಂಡರೆ ಖಾಲಿ ಫ್ರೇಮ್ ಕಳಿಸು. ಅಂದರೆ ತಪ್ಪುವುದೇ ಆದರೆ ಮಗುವಿನ ಬ್ಯಾಟರಿ ಸ್ವಲ್ಪ ವ್ಯರ್ಥವಾಗಲಿ, ಸಂದೇಶ ಮಾತ್ರ ಕಳೆಯದಿರಲಿ. ತಪ್ಪು ಯಾವ ಕಡೆಗೆ ವಾಲಬೇಕೆಂದು ಮೊದಲೇ ಯೋಚಿಸಿಟ್ಟವರು ಇವರು. ಇಂಥ ಎಚ್ಚರಿಕೆಯನ್ನು ಕಂಡಾಗ ನನ್ನ ಸಿಟ್ಟು ಅರ್ಧ ಇಳಿಯುತ್ತದೆ.

ಉಳಿದರ್ಧ ಇಳಿಯುವುದಿಲ್ಲ. ಪೇರೆಂಟ್ ಈ ಸಂದೇಶವನ್ನು ಎಷ್ಟು ಹೊತ್ತು ಕಾಪಾಡುತ್ತದೆ? ಜಿಗ್‌ಬೀಯಲ್ಲಿ ರೂಢಿಯ ಅವಧಿ 7.68 ಸೆಕೆಂಡ್. ಅಷ್ಟರಲ್ಲಿ ಕೇಳದಿದ್ದರೆ ಸಂದೇಶ ಬಿಸಾಡಿಹೋಗುತ್ತದೆ. ಹಾಗಾಗಿ ತನಗೆ ಬರುವ ಮಾತು ತಪ್ಪಬಾರದೆಂದು ಬಯಸುವ ಸಾಧನ ಅದಕ್ಕಿಂತ ಬೇಗ ಬೇಗ ಎದ್ದು ಕೇಳುತ್ತಲೇ ಇರಬೇಕು. ಲೆಕ್ಕ ಹಾಕಿ: ದಿನಕ್ಕೆ ಕನಿಷ್ಠ 11,250 ಸಲ. ದಿನಕ್ಕೆ ಎರಡು ಆಜ್ಞೆ ಬರುವ ಒಂದು ವಾಲ್ವು ಉಳಿದೆಲ್ಲ ಸಲ ‘ಏನೂ ಇಲ್ಲ’ ಎಂಬ ಉತ್ತರ ಕೇಳಿ ಮಲಗುತ್ತದೆ. ಅದು ಎದ್ದಾಗಲೆಲ್ಲ ಉತ್ತರ ಕೊಡಲು ರೌಟರ್ ಅಹೋರಾತ್ರಿ ಕಿವಿ ತೆರೆದು ಕೂತಿರಬೇಕು. ಮಗು ಖರ್ಚು ಮಾಡುವ ಶಕ್ತಿಯ ಎಷ್ಟೋ ಪಟ್ಟು ಪೇರೆಂಟ್ ಜಾಗರಣೆಯಲ್ಲಿ ಕಳೆಯುತ್ತದೆ. ಪೊಟ್ಟಣದ ಮೇಲೆ ಅಚ್ಚಾಗುವುದು ಮಗುವಿನ ಲೆಕ್ಕ ಮಾತ್ರ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೇ 2003ರ ಮಾನದಂಡದೊಳಗೇ ಇತ್ತು. ನಿಗದಿತ ಹೊತ್ತಿಗೆ ಬೀಕನ್ ಕಳಿಸಿ, ಅದರ ಬೆನ್ನಿಗೆ ಸ್ವಲ್ಪ ಕಾಲ ಎಲ್ಲರೂ ಎಚ್ಚರವಿದ್ದು, ಉಳಿದ ಕಾಲ ಎಲ್ಲರೂ ಮಲಗುವ ಏರ್ಪಾಡು. ಆದರೆ ನೂರಾರು ರೌಟರ್‌ಗಳ ಬೀಕನ್‌ಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಹೊಂದಿಸುವುದು ಕಷ್ಟ. ಮೆಷ್ ಜಾಲದಲ್ಲಿ ಜಿಗ್‌ಬೀ ಅದನ್ನು ಕೈಬಿಟ್ಟು ರೌಟರ್ ಸದಾ ಎಚ್ಚರ ಎಂಬ ಸುಲಭದ ದಾರಿ ಹಿಡಿಯಿತು. ಇದು ಆಯ್ಕೆ, ಅನಿವಾರ್ಯತೆಯಲ್ಲ ಎಂಬುದನ್ನು ಗಮನಿಸಬೇಕು.

ಹೊರಗೆ ಇನ್ನೊಂದು ದಾರಿಯೂ ತೆರೆದಿತ್ತು, ನಾನು ಈ ಬರಹದಲ್ಲಿ ಎತ್ತಿಹಿಡಿಯಬೇಕೆಂದಿರುವುದು ಅದನ್ನೇ. 2004ರಲ್ಲಿ ಜೋಸೆಫ್ ಪೊಲಾಸ್ಟ್ರೆ, ಜೇಸನ್ ಹಿಲ್, ಡೇವಿಡ್ ಕಲ್ಲರ್ ಪ್ರಕಟಿಸಿದ ಬಿ-ಮ್ಯಾಕ್ ಪ್ರಬಂಧದಲ್ಲಿ ಎಲ್ಲ ನೋಡ್‌ಗಳೂ ಮಲಗುತ್ತವೆ. ಆಗಾಗ ಕ್ಷಣಮಾತ್ರ ಎದ್ದು ಗಾಳಿಯಲ್ಲಿ ಸದ್ದಿದೆಯೇ ಎಂದು ನೋಡುತ್ತವೆ. ಇಲ್ಲದಿದ್ದರೆ ಮತ್ತೆ ಮಲಗುತ್ತವೆ. ಮಾತಾಡುವವನು ಎದುರಿನವನು ಏಳುವವರೆಗೆ ಕೂಗುತ್ತಿರಬೇಕು. 2006ರ ಎಕ್ಸ್-ಮ್ಯಾಕ್ ಆ ಕೂಗನ್ನು ತುಂಡು ಮಾಡಿ ನಡುವೆ ಉತ್ತರಕ್ಕೆ ಜಾಗ ಬಿಟ್ಟಿತು. 2011ರಲ್ಲಿ ಸ್ವೀಡನ್ನಿನ ಆಡಮ್ ಡಂಕೆಲ್ಸ್ ಬರೆದ ಕಾಂಟಿಕಿಮ್ಯಾಕ್ ಸಂದೇಶವನ್ನೇ ಮತ್ತೆ ಮತ್ತೆ ಕಳಿಸಿತು, ಎಚ್ಚರವಾದವನು ಆ್ಯಕ್ ಕೊಟ್ಟೊಡನೆ ನಿಲ್ಲಿಸಿತು. ಹೀಗೆ ಜಾಲದಲ್ಲಿ ಪಾಲ್ಗೊಳ್ಳುತ್ತಲೇ ನೋಡ್‌ಗಳು ಸುಮಾರು ಶೇ. 99ರಷ್ಟು ಹೊತ್ತು ರೇಡಿಯೊ ಆರಿಸಿರಬಲ್ಲವು ಎಂದು ಅವರು ತೋರಿಸಿದರು. ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, ಅದೇ ಹಳೆಯ ಚಿಪ್ಪು, ಅದೇ ಎರಡು ಸೆಲ್ಲು, ಐದೂವರೆ ದಿನದ ಬದಲು ಒಂದೂವರೆ ವರ್ಷ. ಅದೂ ತುದಿಯ ಸಾಧನವಲ್ಲ, ಮಾತು ಹೊತ್ತೊಯ್ಯುವ ನೋಡ್.

ಇದಕ್ಕೂ ದೋಷಗಳಿವೆ. ಪಕ್ಕದ ವೈ-ಫೈ ಸದ್ದು ಮಾಡಿದರೆ ನೋಡ್‌ಗಳು ಸುಮ್ಮನೆ ಎಚ್ಚರವಾಗುತ್ತವೆ. ಎಲ್ಲರಿಗೂ ಒಮ್ಮೆಗೆ ಹೇಳಬೇಕಾದಾಗ ಇಡೀ ಒಂದು ಸುತ್ತು ಕೂಗಬೇಕು, ಆಗ ಗಾಳಿಯೇ ತುಂಬಿಹೋಗುತ್ತದೆ. ಒಂದು ಸ್ವಿಚ್ಚಿಗೆ ಐವತ್ತು ದೀಪ ಒಟ್ಟಿಗೆ ಹತ್ತಬೇಕೆನ್ನುವವರಿಗೆ ಇದು ಹೊಂದದು. ಹತ್ತು ನಿಮಿಷಕ್ಕೊಮ್ಮೆ ಒಂದು ಅಂಕಿ ಹೇಳುವ ಮಣ್ಣಿನ ಸೆನ್ಸರಿಗೆ ಮಾತ್ರ ಇದಕ್ಕಿಂತ ಒಪ್ಪುವ ವಿಧಾನವನ್ನು ನಾನು ಕಂಡಿಲ್ಲ.

ಇನ್ನು ನಮ್ಮ ವಿಮರ್ಶಕರ ಮಾತು. ನನಗೆ ಹೆಚ್ಚು ನೋವಿರುವುದು ಇಲ್ಲಿ. ಪ್ರೋಟೊಕಾಲ್‌ಗಳನ್ನು ಹೋಲಿಸಿ ಬರೆಯುವವರು ಒಂದು ಕೋಷ್ಟಕ ಹಾಕುತ್ತಾರೆ: ವೇಗ, ದೂರ, ನೋಡ್‌ಗಳ ಸಂಖ್ಯೆ. ಜಿಗ್‌ಬೀ ಎದುರಿಗೆ ‘65,000ಕ್ಕೂ ಹೆಚ್ಚು’ ಎಂದು ಬರೆದು, ಬ್ಲೂಟೂತನ್ನು ಸೋಲಿಸಿದಂತೆ ಮುಗಿಸುತ್ತಾರೆ. ಅದು ಜಾಲದ ಸಾಮರ್ಥ್ಯವಲ್ಲ, ವಿಳಾಸದ ಉದ್ದ. 16 ಬಿಟ್ಟಿನ ವಿಳಾಸದಲ್ಲಿ 65,536 ಅಂಕಿಗಳು ಹಿಡಿಯುತ್ತವೆ ಎಂಬುದಷ್ಟೇ ಅದರ ಅರ್ಥ. ವಾಹನದ ನಂಬರ್ ಪ್ಲೇಟಿನಲ್ಲಿ ನಾಲ್ಕು ಅಂಕಿ ಇದೆಯೆಂದು ರಸ್ತೆಯಲ್ಲಿ ಹತ್ತು ಸಾವಿರ ಗಾಡಿ ಓಡುತ್ತದೆ ಎನ್ನಲಾಗದು. ಒಂದು ರೌಟರ್ ಎಷ್ಟು ಮಕ್ಕಳನ್ನು ಹೊರಬಲ್ಲದು ಎಂಬುದು ಅದರ ಮೆಮೊರಿಗೆ ಬಿಟ್ಟದ್ದು. ಒಂದು ಚಾನೆಲ್ ಎಷ್ಟು ಮಾತನ್ನು ತಡೆದುಕೊಳ್ಳುತ್ತದೆ ಎಂಬುದು ಗಾಳಿಗೆ ಬಿಟ್ಟದ್ದು. ಈ ಎರಡನ್ನೂ ಕೋಷ್ಟಕ ಕೇಳುವುದಿಲ್ಲ.

ಸಮರ್ಥಕರ ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಮನೆಯೊಳಗೆ ಬಲ್ಬಿಗೆ ಹೇಗೂ ಕರೆಂಟಿದೆ, ಅದೇ ರೌಟರ್ ಆದರೆ ಯಾರಿಗೇನು ನಷ್ಟ ಎನ್ನುತ್ತಾರೆ. ಬಲ್ಬು ಆರಿದ್ದರೂ ಅದರ ರೇಡಿಯೊ ರಾತ್ರಿಯಿಡೀ ಎಚ್ಚರವಿರುತ್ತದೆ, ನಿಜ. ಆದರೆ ನಮ್ಮ ಮನೆಗಳಲ್ಲಿ ದೀಪ ಆರಿಸುವುದು ಗೋಡೆಯ ಸ್ವಿಚ್ಚಿನಲ್ಲಿ. ಅಮ್ಮ ಮಲಗುವ ಮುಂಚೆ ಒಂದೊಂದೇ ಸ್ವಿಚ್ಚು ಒತ್ತುತ್ತ ಬರುತ್ತಾರೆ, ಕರೆಂಟು ಪೋಲಾಗಬಾರದೆಂಬುದು ಅವರ ತಲೆಮಾರಿನ ಶಿಸ್ತು. ಒಂದೊಂದು ಸ್ವಿಚ್ಚಿನೊಡನೆ ಜಾಲದ ಒಂದೊಂದು ಕೊಂಡಿ ಕಳಚುತ್ತದೆ. ಅಂಥ ಮನೆಗೆ ಹೋಗಿ, ಸ್ವಿಚ್ಚು ಮುಟ್ಟಬೇಡಿ ಎಂದು ಬಲ್ಬಿನ ಪಕ್ಕ ಚೀಟಿ ಅಂಟಿಸಲು ಸಲಹೆ ಕೊಡುವ ಲೇಖನಗಳನ್ನು ಓದಿದ್ದೇನೆ. ಬದಲಾಗಬೇಕಾದದ್ದು ಅಮ್ಮನ ಅಭ್ಯಾಸವೋ ಪ್ರೋಟೊಕಾಲಿನ ಊಹೆಯೋ ಎಂದು ಕೇಳುವುದು ವಿಮರ್ಶಕನ ಕೆಲಸವಾಗಿತ್ತು.

ಎಲ್ಲರೂ ಮಲಗುವ ಜಾಲ ಪ್ರಯೋಗಾಲಯದ ಕನಸು ಎನ್ನುವವರಿಗೂ ಉತ್ತರವಿದೆ. ಕಾರ್ಖಾನೆಗಳಿಗಾಗಿ 2007ರಲ್ಲಿ ಬಂದ ವೈರ್‌ಲೆಸ್‌ಹಾರ್ಟ್ ಅದೇ 802.15.4 ರೇಡಿಯೊ ಮೇಲೆ ನಿಂತಿದೆ. ಎಲ್ಲರ ಗಡಿಯಾರ ಹೊಂದಿಸಿ, 10 ಮಿಲಿಸೆಕೆಂಡಿನ ತುಣುಕುಗಳಲ್ಲಿ ಯಾರು ಯಾವಾಗ ಮಾತಾಡಬೇಕು, ಯಾರು ಕೇಳಬೇಕು ಎಂದು ಮೊದಲೇ ಹಂಚುತ್ತದೆ. ಅಲ್ಲಿ ಮಾತು ದಾಟಿಸುವ ಸಾಧನಗಳೂ ಬ್ಯಾಟರಿಯಲ್ಲೇ ಬಾಳುತ್ತವೆ. ಅಂದರೆ ಕೊರತೆ ರೇಡಿಯೊದ್ದಾಗಿರಲಿಲ್ಲ.

ಕಾಂಟಿಕಿಮ್ಯಾಕ್‌ನ ಹತ್ತಿರದ ಬಂಧು ಎನ್ನಬಹುದಾದ ಸಿಎಸ್‌ಎಲ್ ವಿಧಾನ 2012ರಲ್ಲಿ 802.15.4 ಮಾನದಂಡದೊಳಗೇ ಜಾಗ ಪಡೆಯಿತು. ಅದೇ ರೇಡಿಯೊ ಬಳಸುವ ಥ್ರೆಡ್ ಜಾಲ ತನ್ನ 1.2ನೇ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಓದಿದಾಗ ನನಗೆ ಸಂತೋಷವಾಯಿತು, ಪುಟ ತಿರುಗಿಸಿದ ಮೇಲೆ ನಿರಾಶೆ: ಕೊಟ್ಟದ್ದು ಮತ್ತೆ ಎಂಡ್ ಡಿವೈಸಿಗೆ. ಥ್ರೆಡ್‌ನ ರೌಟರ್ ಈಗಲೂ ಎದ್ದೇ ಇರುತ್ತದೆ.

ಎದ್ದೇ ಇರುವ ರೌಟರ್ ಹೊಲಕ್ಕೆ ಒಗ್ಗದು. 2000ರ ದಶಕದ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್‌ ಸಂಸ್ಥೆಯೂ ಸೇರಿ ಪಾವಗಡದ ಚೆನ್ನಕೇಶವಪುರದಲ್ಲಿ ಮಳೆಯನ್ನೇ ನೆಚ್ಚಿದ ಸಣ್ಣ ರೈತರಿಗಾಗಿ ಸೆನ್ಸರ್ ಜಾಲದ ಯೋಜನೆಯೊಂದನ್ನು ಕೈಗೆತ್ತಿಕೊಂಡಿದ್ದವು, ಕಾಮನ್‌ಸೆನ್ಸ್ ನೆಟ್ ಎಂದು ಅದರ ಹೆಸರು. ಕಡಲೆಕಾಯಿ ಹೊಲದ ನಡುವೆ ಪ್ಲಗ್ ಪಾಯಿಂಟ್ ಇರುವುದಿಲ್ಲ. ಅಗ್ಗದ ರೇಡಿಯೊ ಜಾಲ ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರ ನೆಲವನ್ನು ಎದುರಿಗಿಟ್ಟುಕೊಂಡು ಮಾನದಂಡ ಬರೆದಿದ್ದರೆ ರೌಟರಿನ ನಿದ್ದೆಯೇ ಮೊದಲ ಅಧ್ಯಾಯವಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಭಾವನ ತೋಟದಲ್ಲಿ ಕೊನೆಗೆ ಮಾಡಿದ್ದು ಇಷ್ಟು. ಅಡಿಕೆಯ ನೆರಳಲ್ಲಿ ಸೋಲಾರ್ ಪ್ಯಾನೆಲ್‌ಗೆ ಬಿಸಿಲು ಸಿಗದು. ಹಾಗಾಗಿ ಶೆಡ್ಡಿನ ಪಕ್ಕ ಎತ್ತರದ ಕಬ್ಬಿಣದ ಪೈಪು ನೆಟ್ಟು, ಅದರ ತುದಿಗೆ ಪ್ಯಾನೆಲ್ ಕಟ್ಟಿ, ಕೆಳಗೆ ಬ್ಯಾಟರಿ ಇಟ್ಟು ರೌಟರಿಗೆ ತಂತಿ ಎಳೆದೆವು. ಮಳೆಗಾಲದ ಮೋಡದಲ್ಲಿ ಅದೂ ಸಾಲದೆ ಈ ವರ್ಷ ಎರಡನೆಯ ಬ್ಯಾಟರಿ ಜೋಡಿಸಿದ್ದೇವೆ. ಸೆನ್ಸರಿನ ಸೆಲ್ಲು ಮಾತ್ರ ಮೊದಲ ದಿನ ಹಾಕಿದ್ದೇ.