ಮೈದಾನದಲ್ಲಿ ಯಾರ ದನಿ ಕೇಳಬೇಕು?

ಸಾಫ್ಟ್‌ಬಾಲಿನಲ್ಲಿ ನೋಡುವವರ ಹೊಟ್ಟೆ ಉರಿಯುವುದು ಕಷ್ಟದ ಕ್ಯಾಚು ಬಿಟ್ಟಾಗ ಅಲ್ಲ, ಇಬ್ಬರಿಗೂ ಸುಲಭವಾಗಿದ್ದ ಕ್ಯಾಚು ಬಿದ್ದಾಗ. ಎರಡನೇ ಬೇಸಿನ ಹುಡುಗಿ ಹಿಂದಕ್ಕೆ ಓಡುತ್ತಾಳೆ, ರೈಟ್ ಫೀಲ್ಡಿನವಳು ಮುಂದಕ್ಕೆ ಬರುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಿಲ್ಲುತ್ತಾರೆ; ಚೆಂಡು ನಡುವೆ ಬೀಳುತ್ತದೆ. ಇಬ್ಬರೂ ನಿಲ್ಲದಿದ್ದರೆ ತಲೆಗೆ ತಲೆ ಡಿಕ್ಕಿ. ಇದಕ್ಕೆ ಇರುವ ಮದ್ದು ಒಂದೇ: ಚೆಂಡಿನ ಕೆಳಗಿರುವವಳು ‘ನಂದು!’ ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗಬೇಕು.

ಕೂಗುವುದನ್ನು ಕಲಿಸುವುದೇ ಕಷ್ಟ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಊರುಗಳಲ್ಲಿ ಹೆಣ್ಣುಮಗುವಿಗೆ ಮನೆಯಲ್ಲಿ ಹೇಳಿಕೊಡುವ ಮೊದಲ ಪಾಠಗಳಲ್ಲಿ ‘ಮೆತ್ತಗೆ ಮಾತಾಡು’ ಎಂಬುದೂ ಒಂದು. ತರಗತಿಯಲ್ಲಿ ಬಾಯಿಯ ಮೇಲೆ ಬೆರಳು. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಪಾಠ ಮೈಗೂಡಿರುತ್ತದೆ. ಅಂಥವಳ ಕೈಗೆ ಗ್ಲೌಸ್ ಕೊಟ್ಟು ‘ಕೂಗವ್ವಾ’ ಅಂದರೆ ದನಿ ಎಲ್ಲಿಂದ ಬರಬೇಕು? ಆಗ ಪಿಟಿ ಮೇಷ್ಟ್ರು ತಾವೇ ಕೂಗಲು ಶುರು ಮಾಡುತ್ತಾರೆ. ಮೇಷ್ಟ್ರ ದನಿ ಏರಿದಷ್ಟೂ ಮಕ್ಕಳ ದನಿ ಇಳಿಯುತ್ತದೆ. ಚೆಂಡು ನೋಡಬೇಕಾದ ಕಣ್ಣುಗಳು ಮೇಷ್ಟ್ರ ಮುಖ ನೋಡುತ್ತವೆ.

ದನಿ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಮಕ್ಕಳು ಆಡಿ ಬೆಳೆದ ಖೊಖೊದಲ್ಲಿ ‘ಖೊ’ ಎನ್ನುವುದೇ ಆಟದ ನಿಯಮ. ಬೆನ್ನು ಮುಟ್ಟಬೇಕು, ಮುಟ್ಟುವಾಗಲೇ ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ಫೌಲ್. ಕಬಡ್ಡಿಯಲ್ಲಿ ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಎನ್ನುವುದು ಅಂಪೈರ್ ಕಿವಿಗೆ ಬೀಳಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪಿನ ಮಹಿಳೆಯರ ಫೈನಲ್‌ನಲ್ಲಿ ಭಾರತ 78-40ರಿಂದ ನೇಪಾಳವನ್ನು ಸೋಲಿಸಿದಾಗ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಅಂಗಳದ ಆಟ ಎಷ್ಟು ದೂರ ಕರೆದೊಯ್ಯುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಸಾಫ್ಟ್‌ಬಾಲ್ ಕಲಿಸುವವರು ಮೊದಲ ವಾರ ಹದಿನೈದು ನಿಮಿಷ ಖೊಖೊ ಆಡಿಸಲಿ. ಆಮೇಲೆ ‘ಖೊ ಅಂದ ಹಂಗೇ ನಂದು ಅನ್ರೀ’ ಎಂದರೆ ಸಾಕು.

ಕ್ರಿಕೆಟ್ ವಿಷಯ ಬೇರೆ. ಅದು ಅರ್ಧ ಮಿತ್ರ, ಅರ್ಧ ಶತ್ರು. ಫೋರ್ಸ್ ಔಟ್ ಅಂದರೇನು ಎಂದು ನಿಯಮದ ಪುಸ್ತಕ ಓದಿ ಹೇಳಿದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ. ‘ರನ್ ಔಟ್ ಕಣ್ರೋ, ಬೇಲ್ಸ್ ಎಗರಿಸೋ ಬದಲು ಚೆಂಡು ಹಿಡ್ಕೊಂಡು ಬೇಸ್ ತುಳೀರಿ’ ಎಂದರೆ ತಕ್ಷಣ ಹತ್ತುತ್ತದೆ. ಆದರೆ ಇದೇ ಮಕ್ಕಳು ಹೊಡೆದ ಮೇಲೆ ಬ್ಯಾಟು ಹಿಡಿದುಕೊಂಡೇ ಓಡುತ್ತಾರೆ, ಗ್ಲೌಸ್ ಇರುವುದನ್ನು ಮರೆತು ಬರಿಗೈ ಒಡ್ಡುತ್ತಾರೆ, ಚೆಂಡನ್ನು ಕೀಪರ್ ಹಿಂದಕ್ಕೆ ತಳ್ಳಿ ರನ್ನಿಗೆ ಹೊರಡುತ್ತಾರೆ. ಅದನ್ನು ದಡ್ಡತನ ಎಂದು ಬೈಯುವ ಮೇಷ್ಟ್ರು ತಪ್ಪು ಮಾಡುತ್ತಾರೆ. ಅದು ಬೇರೊಂದು ಆಟದಲ್ಲಿ ಸರಿಯಾಗಿ ಕಲಿತ ಪಾಠ. ‘ಅಲ್ಲಿ ಸರಿ, ಇಲ್ಲಿ ಹಿಂಗೆ’ ಎಂದರೆ ಮಗುವಿನ ಮರ್ಯಾದೆಯೂ ಉಳಿಯುತ್ತದೆ, ಪಾಠವೂ ಆಗುತ್ತದೆ.

ಇನ್ನು ಮಾತಿಗೆ ಹೊತ್ತು ಯಾವುದು? ಹಿರಿಯ ಮಹಿಳೆಯರ ಆಟದಲ್ಲಿ ಪಿಚರ್ ನಿಲ್ಲುವುದು ಹೋಮ್ ಪ್ಲೇಟಿನಿಂದ 43 ಅಡಿ ದೂರದಲ್ಲಿ. ಕೈಯನ್ನು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಬಿಟ್ಟ ಚೆಂಡು ಅರ್ಧ ಸೆಕೆಂಡಿನೊಳಗೆ ಬ್ಯಾಟರ್ ಮುಂದಿರುತ್ತದೆ. 2004ರಲ್ಲಿ ಅಮೆರಿಕದ ಒಂದು ಪ್ರದರ್ಶನ ಪಂದ್ಯದಲ್ಲಿ ಸಾಫ್ಟ್‌ಬಾಲ್ ಪಿಚರ್ ಜೆನಿ ಫಿಂಚ್ ಎಸೆತಕ್ಕೆ ಬೇಸ್‌ಬಾಲಿನ ಘಟಾನುಘಟಿ ಆಲ್ಬರ್ಟ್ ಪೂಹೋಲ್ಸ್ ಕೂಡ ಸ್ಟ್ರೈಕ್ ಔಟ್ ಆದರು. ಆ ಅರ್ಧ ಸೆಕೆಂಡಿನಲ್ಲಿ ‘ಮೊಣಕೈ ಎತ್ತು, ಕಾಲು ತಿರುಗಿಸು, ಚೆಂಡು ನೋಡು’ ಎಂದು ಕೂಗಿದರೆ ಯಾರ ಕಿವಿಗೆ ಹೋಗುತ್ತದೆ? ಒಳ್ಳೆಯ ಕೋಚ್ ಮಾತಾಡುವುದು ಎಸೆತಕ್ಕೆ ಮುಂಚೆ, ಅದೂ ಪ್ರಶ್ನೆಯಾಗಿ: ‘ಎಷ್ಟು ಔಟ್ ಆಯ್ತು? ನಿನ್ ಹತ್ರ ಬಂದ್ರೆ ಎಲ್ಲಿಗೆ ಎಸೀತೀಯ?’ ಉತ್ತರವನ್ನು ಹುಡುಗಿಯೇ ಬಾಯಿಬಿಟ್ಟು ಹೇಳಬೇಕು. ನಾಲ್ಕು ಪಂದ್ಯ ಕಳೆಯುವಷ್ಟರಲ್ಲಿ ಅದೇ ಪ್ರಶ್ನೆಯನ್ನು ಕ್ಯಾಚರ್ ಹುಡುಗಿ ತಂಡಕ್ಕೆಲ್ಲ ಕೇಳುತ್ತಿರುತ್ತಾಳೆ. ಚೆಂಡು ಆಟದಲ್ಲಿರುವಾಗ ಕೋಚ್ ಕೂಗಬೇಕಾದ ಜಾಗ ಮೂರನೇ ಬೇಸಿನ ಪಕ್ಕ. ಓಡಿ ಬರುವವಳಿಗೆ ಬೆನ್ನ ಹಿಂದಿನ ಚೆಂಡು ಕಾಣುವುದಿಲ್ಲ. ಅಲ್ಲಿ ‘ಹೋಗು’, ‘ನಿಲ್ಲು’ ಎರಡೇ ಮಾತು.

ಸ್ಟ್ರೈಕ್ ಔಟ್ ಆಗಿ ಬಂದವಳಿಗೆ ಏನು ಹೇಳಬೇಕು ಎನ್ನುವುದರಲ್ಲಿ ಕೋಚಿನ ಹದ ತಿಳಿಯುತ್ತದೆ. ಹತ್ತು ಸಲ ಬ್ಯಾಟಿಗೆ ಹೋಗಿ ಮೂರು ಸಲ ಹಿಟ್ ಪಡೆದವಳನ್ನು ಒಳ್ಳೆಯ ಬ್ಯಾಟರ್ ಎಂದು ಒಪ್ಪುವ ಆಟವಿದು. ಈ ಲೆಕ್ಕವನ್ನು ಮೊದಲ ದಿನವೇ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಹೇಳಿಬಿಡಬೇಕು. ಕ್ರಿಕೆಟ್ಟಿನ ಹಾಗೆ ಒಮ್ಮೆ ಔಟಾದರೆ ದಿನವೇ ಮುಗಿಯಿತು ಎಂದಿಲ್ಲ. ಏಳು ಇನ್ನಿಂಗ್ಸಿನಲ್ಲಿ ಅವಳ ಸರದಿ ಮತ್ತೆ ಬರುತ್ತದೆ. ನೀರು ಕುಡಿಯಲಿ, ಉಸಿರು ತಹಬಂದಿಗೆ ಬರಲಿ. ಆಮೇಲೆ ‘ಚೆಂಡು ಮೇಲಿತ್ತಾ, ಕೆಳಗಿತ್ತಾ?’ ಎಂದು ಕೇಳಿದರೆ ಅವಳು ತಲೆತಗ್ಗಿಸುವುದು ಬಿಟ್ಟು ಯೋಚಿಸಲು ಶುರು ಮಾಡುತ್ತಾಳೆ. ಬೈಗುಳದಿಂದ ಅಳು ಬರುತ್ತದೆ, ಹಿಟ್ ಬರುವುದಿಲ್ಲ.

ಮೈದಾನದ ಹೊರಗಿನ ಮಾತೂ ಅಷ್ಟೇ ಮುಖ್ಯ. ಇದು ರೇಷ್ಮೆ ಸೀಮೆ. ನಾಲ್ಕನೇ ಜ್ವರದಿಂದ ಹುಳು ಎದ್ದ ಮೇಲೆ ಒಂದು ವಾರ ಮನೆಮಂದಿಗೆಲ್ಲ ಸೊಪ್ಪಿನದೇ ಕೆಲಸ. ಹುಳು ಹಣ್ಣಾಯಿತೆಂದರೆ ಚಂದ್ರಿಕೆಗೆ ಬಿಡಲು ಮಕ್ಕಳ ಕೈಯೂ ಬೇಕು. ಅವತ್ತು ಅಭ್ಯಾಸಕ್ಕೆ ಬಾರದವಳನ್ನು ಮರುದಿನ ಎಲ್ಲರೆದುರು ‘ಶಿಸ್ತಿಲ್ಲ’ ಎಂದರೆ ಅವಳು ಮತ್ತೆ ಬರುವುದೇ ಇಲ್ಲ. ‘ಗೂಡು ಹೆಂಗಾಗಿದೆ?’ ಎಂದು ಕೇಳುವ ಮೇಷ್ಟ್ರ ಮಾತಿಗೆ ಆ ಮನೆಯ ತಾಯಿ ಮಗಳನ್ನು ಜಿಲ್ಲಾ ಮಟ್ಟದ ಪಂದ್ಯಕ್ಕೆ ಕಳಿಸಿಕೊಡುತ್ತಾಳೆ.

ಸಾಫ್ಟ್‌ಬಾಲ್ ಶಾಲಾ ರಾಷ್ಟ್ರೀಯ ಕ್ರೀಡಾಕೂಟದ ಪಟ್ಟಿಯಲ್ಲಿದೆ. 1996ರಿಂದ 2008ರವರೆಗೆ ಒಲಿಂಪಿಕ್ಸಿನಲ್ಲಿತ್ತು, ಟೋಕಿಯೊದಲ್ಲಿ ಮರಳಿತು, 2028ರ ಲಾಸ್ ಏಂಜಲೀಸಿನಲ್ಲೂ ಇರಲಿದೆ. ಆದರೆ ನಮ್ಮ ತಾಲ್ಲೂಕಿನ ಹುಡುಗಿಯರಿಗೆ ಪದಕಕ್ಕಿಂತ ಮೊದಲು ಸಿಗುವ ಲಾಭ, ‘ಇದು ನಂದು’ ಎಂದು ಹತ್ತು ಜನರೆದುರು ಹೇಳುವ ಗಂಟಲು. ಮುಂದಿನ ಸಲ ಶಾಲಾ ಪಂದ್ಯ ನೋಡಲು ಹೋದಾಗ ಸ್ಕೋರ್ ಕೇಳುವ ಮುಂಚೆ ಐದು ನಿಮಿಷ ಸುಮ್ಮನೆ ಕಿವಿಗೊಡಿ. ಕೋಚ್ ದನಿಯೊಂದೇ ಕೇಳುತ್ತಿದ್ದರೆ, ಆ ತಂಡಕ್ಕೆ ಇನ್ನೂ ಆಟ ಕಲಿಸಿಲ್ಲ ಎಂದೇ ತಿಳಿಯಿರಿ.