ಮುಕ್ತ ಪ್ರವೇಶ, ಮುಚ್ಚಿದ ಪಠ್ಯ: ಓಪನ್ ಜರ್ನಲ್ ಸಿಸ್ಟಮ್ಸ್ ಮತ್ತು ಕನ್ನಡ ಸಂಶೋಧನ ಪತ್ರಿಕೆ

ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಮುಕ್ತ ತಂತ್ರಾಂಶವು, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ವಿಲಿನ್ಸ್ಕಿ ಅವರು 1998ರಲ್ಲಿ ಆರಂಭಿಸಿದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್‌ನ ಫಲ. ಲೇಖನದ ಸ್ವೀಕಾರ, ತಜ್ಞರ ಪರಿಶೀಲನೆ, ಪ್ರತಿ ಪರಿಷ್ಕರಣೆ, ಪ್ರಕಟಣೆ ಇವೆಲ್ಲವನ್ನೂ ಇದು ಒಂದೆಡೆ ನಿರ್ವಹಿಸುತ್ತದೆ, ಪರವಾನಗಿ ಶುಲ್ಕವಿಲ್ಲ. ಅಲ್ಪ ಅನುದಾನದ ಕನ್ನಡ ವಿಭಾಗಗಳಿಗೆ ಇದರಿಂದಾಗುವ ಉಪಕಾರ ನಿರ್ವಿವಾದ. ಆದರೆ ಉಚಿತವಾಗಿ ಪ್ರಕಟವಾದ ಕನ್ನಡ ಲೇಖನವು ಹುಡುಕುವವರ ಕೈಗೆ ಸಿಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ.

ದಾವಣಗೆರೆ–ಹರಿಹರ ಪರಿಸರದ ಆಡುಮಾತನ್ನು ಅಭ್ಯಸಿಸುವ ವಿದ್ಯಾರ್ಥಿಯೊಬ್ಬರನ್ನು ಊಹಿಸಿಕೊಳ್ಳೋಣ. ಮೈಸೂರು ಕಡೆಯ ‘ಪುರಿ’, ಧಾರವಾಡ ಕಡೆಯ ‘ಚುರಮುರಿ’ ಇಲ್ಲಿ ‘ಮಂಡಕ್ಕಿ’ಯಾಗುತ್ತದೆ, ಊರಿನ ಹೆಸರೇ ಬರಹದಲ್ಲಿ ‘ದಾವಣಗೆರೆ’, ಮಾತಿನಲ್ಲಿ ‘ದಾವಣಗೇರಿ’. ಇಂತಹ ಪದವೊಂದನ್ನು ಪತ್ರಿಕೆಯ ಶೋಧಪಟ್ಟಿಯಲ್ಲಿ ಬರೆದಾಗ, ಅದನ್ನೇ ಚರ್ಚಿಸಿದ ಲೇಖನವಿದ್ದರೂ ಫಲಿತಾಂಶ ಶೂನ್ಯವಾಗಬಹುದು. ಲೇಖನದ ಪಿಡಿಎಫ್ ಯೂನಿಕೋಡ್ ಪೂರ್ವದ ಫಾಂಟಿನಲ್ಲಿದ್ದರೆ ಕಣ್ಣಿಗೆ ಕಾಣುವುದು ಕನ್ನಡ. ಯಂತ್ರಕ್ಕೆ ಸಿಗುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದೆ. ಆದ್ದರಿಂದ ಈ ದೋಷ ತಂತ್ರಾಂಶದ್ದಲ್ಲ, ನಮ್ಮ ಅಕ್ಷರಜೋಡಣೆಯ ರೂಢಿಯದು.

ಎರಡನೆಯ ಕೊರತೆ ಲೇಖನದ ವಿವರಗಳದು. ಶೀರ್ಷಿಕೆ, ಸಾರಾಂಶ, ಕೀಲಿಪದಗಳನ್ನು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ದಾಖಲಿಸಲು ಈ ತಂತ್ರಾಂಶದಲ್ಲಿ ಅವಕಾಶವಿದೆ. ಇಂಗ್ಲಿಷಿನ ಅಂಕಣವನ್ನಷ್ಟೇ ತುಂಬಿ ಕನ್ನಡದ್ದನ್ನು ಖಾಲಿ ಬಿಟ್ಟರೆ ಆ ಅವಕಾಶ ವ್ಯರ್ಥ. ವಿಶೇಷ ಚಿಹ್ನೆಗಳಿಲ್ಲದ ರೋಮನ್ ಲಿಪಿಯಲ್ಲಿ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ. ಭಾಷಾವಿಜ್ಞಾನದ ಪತ್ರಿಕೆಯೇ ಧ್ವನಿಮಾ ವ್ಯತ್ಯಾಸವನ್ನು ಅಳಿಸಿದರೆ ಅದನ್ನು ಸಣ್ಣ ಲೋಪವೆನ್ನಲಾಗದು.

ಈ ಎಚ್ಚರ ನಮಗೆ ಹೊಸತೇನಲ್ಲ. ಹರಿಹರದ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಬಿ.ಎಲ್. ರೈಸ್ ಅವರು ಕನ್ನಡ ಲಿಪಿಯ ಪಾಠ, ಚಿಹ್ನೆಸಹಿತ ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಕೊಟ್ಟರು. ಸೀಸದ ಮೊಳೆಗಳ ಕಾಲದಲ್ಲಿ ಸಾಧ್ಯವಾದುದು ಇಂದು ಅಸಾಧ್ಯವೆನ್ನುವುದು ಸಲ್ಲದು.

ಹಾಗಾಗಿ ಸಂಪಾದಕ ಮಂಡಳಿಗಳು ಯೂನಿಕೋಡ್ ಹಸ್ತಪ್ರತಿಯನ್ನು ಕಡ್ಡಾಯಗೊಳಿಸಬೇಕು. ಎರಡೂ ಭಾಷೆಗಳ ವಿವರಗಳನ್ನು ತುಂಬಬೇಕು. ಪ್ರಕಟಣೆಗೆ ಮುನ್ನ ಪಿಡಿಎಫ್‌ನಿಂದ ಒಂದು ವಾಕ್ಯವನ್ನು ನಕಲಿಸಿ ಪರೀಕ್ಷಿಸಬೇಕು. ಎಷ್ಟೋ ಉಪಭಾಷಾ ರೂಪಗಳು ನಿಘಂಟನ್ನು ಸೇರದೆ ಇಂತಹ ಲೇಖನಗಳಲ್ಲಷ್ಟೇ ಉಳಿದಿರುತ್ತವೆ. ಅವು ಸಿಗದಿದ್ದರೆ, ಮುಂದಿನ ಸಂಶೋಧಕರ ಪಾಲಿಗೆ ದಾಖಲಾಗದ ಮಾತಿಗೂ ಅವಕ್ಕೂ ವ್ಯತ್ಯಾಸವಿರುವುದಿಲ್ಲ.