ಗ್ರಾಮಫೋನ್ ತಟ್ಟೆಯೂ ಬೈಠಕ್ಕೂ: ರಸವಿಮರ್ಶೆಯ ಒಂದು ಪ್ರಶ್ನೆ

ಗತಿಸಿದ ಗಾಯಕರ ವಿಷಯವಾಗಿ ತೀರ್ಪು ಕೊಡಬೇಕಾದಾಗ ಸಂಗೀತವಿಮರ್ಶಕನು ಅವಲಂಬಿಸಬಹುದಾದ ಆಧಾರಗಳು ಮುಖ್ಯವಾಗಿ ಎರಡು. ಒಂದು, ಅವರನ್ನು ಎದುರಿಗೆ ಕುಳಿತು ಕೇಳಿದವರ ನೆನಪು. ಇನ್ನೊಂದು, ಗ್ರಾಮಫೋನ್ ತಟ್ಟೆ. ನೆನಪು ಕಾಲಕ್ರಮದಲ್ಲಿ ಮಾಸುತ್ತದೆ. ಇಲ್ಲವೆ, ಇದಕ್ಕಿಂತ ಅಪಾಯಕರವಾದ ರೀತಿಯಲ್ಲಿ, ಬೆಳೆಯುತ್ತದೆ. ತಟ್ಟೆ ಮಾತ್ರ ಇದ್ದಂತೆಯೇ ಇರುತ್ತದೆ. ಆದಕಾರಣ ತಟ್ಟೆಯೇ ಪ್ರಮಾಣ, ಹಿರಿಯರ ನೆನಪು ಬರಿಯ ಅರ್ಥವಾದ ಎಂಬ ಭಾವನೆ ಈಚಿನ ಬರೆಹಗಳಲ್ಲಿ ಬೇರೂರಿದೆ. ಹಳೆಯ ತಟ್ಟೆಗಳು ಅಂತರ್ಜಾಲದ ಮೂಲಕ ಮನೆಮನೆಗೂ ಬರುತ್ತಿರುವ ಈ ದಿನಗಳಲ್ಲಿ ಅದು ಇನ್ನಷ್ಟು ಬಲವಾಗುತ್ತಿದೆ. ಮೂರು ನಿಮಿಷದ ಒಂದು ತಟ್ಟೆಯನ್ನು ಕೇಳಿ, 'ಇಂಥವರಿಗೆ ರಾಗವಿಸ್ತಾರ ಒಲಿದಿರಲಿಲ್ಲ' ಎಂದು ತರುಣ ರಸಿಕನು ನಿರ್ಣಯಿಸಿಬಿಡುತ್ತಾನೆ. ಈ ನಿರ್ಣಯದಲ್ಲಿರುವ ದೋಷವೇನು, ತಟ್ಟೆ ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರಿಂದಲೇ ಆರಿಸಿಕೊಂಡಿದ್ದೇನೆ. ನಾನು ಕೇಳಿದ್ದೂ ಕೂಡಿಟ್ಟದ್ದೂ ಬಹುಮಟ್ಟಿಗೆ ಅವರನ್ನೇ.

ತಟ್ಟೆಯ ಕಥೆ ನಮ್ಮ ದೇಶದಲ್ಲಿ 1902ರಿಂದ ಮೊದಲಾಗುತ್ತದೆ ಎನ್ನಬಹುದು. ಆ ವರ್ಷ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಹಾಡು ಮುಗಿದ ಕೂಡಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಬರುತ್ತದೆ. ಇದನ್ನು ಗಾಯಕಿಯ ಠೀವಿಯೆಂದು ಬಗೆದವರುಂಟು. ನಿಜವಾದ ಕಾರಣ ತೀರ ಲೌಕಿಕವಾದುದು: ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿತ್ತು, ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗುರುತು ಸಿಕ್ಕಬೇಕಾಗಿತ್ತು. ಕಂಪನಿಯ ಅನುಕೂಲಕ್ಕಾಗಿ ಸೇರಿಸಿದ ಒಂದು ಮಾತು ರಸಿಕರ ಕಿವಿಯಲ್ಲಿ ಕಲೆಯ ಅಂಗವೇ ಆಗಿಹೋಯಿತು. ಈ ಗೌಹರ್ ಜಾನ್ ತಮ್ಮ ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ತಟ್ಟೆಯ ಒಳಗೆ ಇಂಥ ಲೌಕಿಕ ಕಾರಣಗಳು ಇನ್ನೂ ಅನೇಕ ಅಡಗಿವೆ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಮೇಲೆ ಕೆಲವು ಸೆಕೆಂಡುಗಳು. ಹನ್ನೆರಡು ಅಂಗುಲದ್ದಾದರೆ ನಾಲ್ಕು ನಿಮಿಷ, ತುಸು ಹೆಚ್ಚು. 1925ರ ಸುಮಾರಿಗೆ ವಿದ್ಯುತ್ ಮುದ್ರಣವು ಬರುವವರೆಗೆ ಮೈಕ್ರೊಫೋನು ಇರಲಿಲ್ಲ. ಗಾಯಕನು ದೊಡ್ಡ ಕೊಳವೆಯೊಂದರ ಬಾಯಿಗೆ ತನ್ನ ಮುಖವನ್ನಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ತಂಬೂರಿಯ ನಾದ ಅದರೊಳಕ್ಕೆ ಸರಿಯಾಗಿ ಇಳಿಯುತ್ತಲೇ ಇರಲಿಲ್ಲ. ಅಬ್ದುಲ್ ಕರೀಂಖಾನರು (1872–1937) ಶತಮಾನದ ಮೊದಲ ದಶಕದಲ್ಲಿಯೂ ಮುದ್ರಣಕ್ಕೆ ಹಾಡಿದರು, 1930ರ ದಶಕದಲ್ಲಿಯೂ ಹಾಡಿದರು. ಎರಡನ್ನೂ ಒಂದಾದಮೇಲೊಂದು ಕೇಳಿದರೆ, ಮೊದಲಿನದರಲ್ಲಿ ಬಿರುಸು, ಅವಸರ. ಎರಡನೆಯದರಲ್ಲಿ ಎಳೆಯೆಳೆಯಾಗಿ ಬಿಡಿಸಿಕೊಳ್ಳುವ ಮೃದುತ್ವ. ಇದನ್ನು ಗಾಯಕನ ಮನಸ್ಸು ಪಕ್ವವಾದುದರ ಕುರುಹೆಂದು ಬರೆಯುವುದು ಸುಲಭ. ಪಕ್ವವಾಗಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ನಡುವೆ ಕೊಳವೆ ಹೋಗಿ ಮೈಕ್ರೊಫೋನು ಬಂದಿತ್ತು ಎಂಬ ಸಂಗತಿಯನ್ನು ಮರೆತು ಮಾಡಿದ ಯಾವ ಶೈಲಿವಿವೇಚನೆಯೂ ನಿಲ್ಲಲಾರದು.

ಇಷ್ಟಾದರೂ ತಟ್ಟೆಯನ್ನು 'ಕತ್ತರಿಸಿದ ಕಚೇರಿ' ಎಂದು ಭಾವಿಸುವುದು ಸರಿಯಲ್ಲ. ನನ್ನ ವಾದದ ಮರ್ಮ ಇರುವುದು ಇಲ್ಲಿಯೇ. ನಮ್ಮ ಕಾವ್ಯಮೀಮಾಂಸೆಯಲ್ಲಿ ಮುಕ್ತಕ, ಪ್ರಬಂಧ ಎಂಬ ವಿಭಾಗವುಂಟು. ಮುಕ್ತಕವೆಂದರೆ ತನ್ನಷ್ಟಕ್ಕೆ ತಾನು ನಿಲ್ಲುವ ಒಂದೇ ಪದ್ಯ. ಪ್ರಬಂಧವೆಂದರೆ ಮಹಾಕಾವ್ಯದಂತೆ ಸಂಧಿಸಂಧ್ಯಂಗಗಳಿಂದ ಬೆಳೆಯುವ ರಚನೆ. ಅಮರುಕನ ಒಂದೊಂದು ಮುಕ್ತಕವೂ ರಸವನ್ನು ಹರಿಸುವುದರಲ್ಲಿ ಪ್ರಬಂಧಕ್ಕೆ ಸಮನಾದದ್ದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಹೇಳಿರುವುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅಮರುಕನನ್ನು ಓದಿ, ಈತನಿಗೆ ಕಥೆ ಕಟ್ಟಲು ಬರುತ್ತಿರಲಿಲ್ಲ ಎಂದು ಯಾರೂ ದೂರುವುದಿಲ್ಲ. ಒಳ್ಳೆಯ ತಟ್ಟೆ ಒಂದು ಮುಕ್ತಕ. ಅಲ್ಲಿ ವಿಭಾವಾನುಭಾವಗಳನ್ನು ಕ್ರಮವಾಗಿ ಬೆಳೆಸುವ ಅವಕಾಶವಿಲ್ಲ. ರಾಗದ ಪೂರ್ವಕಥೆ ಕೇಳುವವನ ಮನಸ್ಸಿನಲ್ಲಿ ಮೊದಲೇ ಇದೆಯೆಂದು ನಂಬಿ, ಅದರ ಒಂದು ಕ್ಷಣವನ್ನು ಮಾತ್ರ ಹಿಡಿದುಕೊಡುವುದು ಅಲ್ಲಿನ ಕೌಶಲ.

ಕರೀಂಖಾನರ ಝಿಂಝೋಟಿಯ ಠುಮ್ರಿಯ ತಟ್ಟೆಯನ್ನು ಈ ದೃಷ್ಟಿಯಿಂದ ಕೇಳಿ ನೋಡಬೇಕು. ದೀರ್ಘವಾದ ಪೀಠಿಕೆಯಿಲ್ಲ, ಮಾತು ಕೂಡಲೆ ಬರುತ್ತದೆ. ಅದೇ ಮಾತಿಗೆ ಮತ್ತೆ ಮತ್ತೆ ಮರಳುತ್ತಾರೆ. ಪ್ರತಿ ಸಲವೂ ಬೇರೊಂದು ದಾರಿಯಿಂದ. ಬೈಠಕ್ಕಿನಲ್ಲಿ ಇದೇ ಖಾನ್‌ಸಾಹೇಬರು ಒಂದು ಸ್ವರದ ಮೇಲೆ ನಿಂತು, ಸಭೆಯನ್ನು ಅದರೊಳಗೆ ಮುಳುಗಿಸಿ, ಅನಂತರ ಮುಂದಿನ ಸ್ವರಕ್ಕೆ ಕಾಲಿಡುತ್ತಿದ್ದರೆಂದು ಕೇಳಿದವರೆಲ್ಲರೂ ಹೇಳಿದ್ದಾರೆ. ತಟ್ಟೆಯಲ್ಲಿ ಆ ನಿಧಾನವನ್ನು ಅವರು ಅನುಕರಿಸಲು ಹೋಗಲಿಲ್ಲ. ನಿಧಾನದ ಬದಲಿಗೆ ಮರಳುವಿಕೆಯನ್ನು ಇಟ್ಟರು. ಸಾಧನ ಬೇರೆಯಾದಾಗ ಬೇರೆ ರಚನೆಯನ್ನು ಕಂಡುಕೊಂಡ ಈ ಔಚಿತ್ಯಜ್ಞಾನವೇ ಅವರ ತಟ್ಟೆಗಳನ್ನು ಉಳಿಸಿದೆ. ಇದೇ ತಟ್ಟೆಯನ್ನು ಬಾಲ್ಯದಲ್ಲಿ ಅಂಗಡಿಯೊಂದರಲ್ಲಿ ಕೇಳಿ ಗದಗಿನ ಭೀಮಸೇನ ಜೋಶಿಯವರು ಗುರುವನ್ನರಸಿ ಮನೆ ಬಿಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಕೊನೆಗೆ ಅವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿಯಬೇಕಾಯಿತು ಎಂಬುದನ್ನೂ ಅದರೊಡನೆ ಸೇರಿಸಿ ಹೇಳುವುದು ನ್ಯಾಯ. ತಟ್ಟೆ ಅವರನ್ನು ಊರು ಬಿಡಿಸಿತು; ಆದರೆ ಖಯಾಲನ್ನು ಬೆಳೆಸುವ ಕ್ರಮ ತಟ್ಟೆಯಲ್ಲಿ ಇರಲಿಲ್ಲ.

ತಟ್ಟೆ ಬಿಟ್ಟುಬಿಡುವುದನ್ನು ಕುರಿತು ಇಷ್ಟು ಹೇಳಿದ ಮೇಲೆ, ಅದು ಮಾತ್ರ ಉಳಿಸಬಲ್ಲದ್ದನ್ನೂ ಹೇಳಬೇಕು. ಗಂಗೂಬಾಯಿ ಹಾನಗಲ್ (1913–2009) ಅವರನ್ನು ಸಭೆಯಲ್ಲಿ ಕೇಳಿದ ನಮ್ಮಂಥವರಿಗೆ ಅವರ ಕಂಠವೆಂದರೆ ಗಂಭೀರವಾದ, ಗಂಡುದನಿಗೆ ಸಮೀಪವಾದ, ನೆಲಮಾಳಿಗೆಯಿಂದ ಎದ್ದು ಬಂದಂತಿರುವ ಕಂಠ. 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಹೊರಬಂದ ತಟ್ಟೆಯನ್ನು ಮೊದಲ ಸಲ ಕೇಳಿದವನು ಇದು ಬೇರೆ ಯಾರೋ ಎಂದೇ ತಿಳಿಯುತ್ತಾನೆ. ಅಲ್ಲಿರುವುದು ತಾರಸ್ಥಾಯಿಯಲ್ಲಿ ಚುರುಕಾಗಿ ಆಡುವ ಎಳೆಯ ಹೆಣ್ಣುದನಿ. 1940ರ ದಶಕದಲ್ಲಿ ಗಂಟಲಿಗೆ ಆದ ಶಸ್ತ್ರಚಿಕಿತ್ಸೆಯ ಅನಂತರ ಕಂಠ ಬದಲಾಯಿತು. ನಾವು ಕೇಳಿದ ಗಾಂಭೀರ್ಯವನ್ನು ಕಿರಾನಾ ಪರಂಪರೆಯ ಲಕ್ಷಣವೆಂದೋ ಅವರ ಮನೋಧರ್ಮದ ಪ್ರತಿಬಿಂಬವೆಂದೋ ವರ್ಣಿಸುವ ಬರೆಹಗಳು ಸಾಕಷ್ಟಿವೆ. ಹಳೆಯ ತಟ್ಟೆ ಉಳಿದಿಲ್ಲದಿದ್ದರೆ ಆ ವರ್ಣನೆಯನ್ನು ಪರೀಕ್ಷಿಸಲು ದಾರಿಯೇ ಇರುತ್ತಿರಲಿಲ್ಲ. ಈಗ ಪ್ರಶ್ನೆ ಬೇರೆ ರೂಪ ತಾಳುತ್ತದೆ, ಹೆಚ್ಚು ಸ್ವಾರಸ್ಯವನ್ನೂ ಪಡೆಯುತ್ತದೆ: ಎತ್ತರದ ಕಂಠಕ್ಕೆ ಒದಗಿಬರುತ್ತಿದ್ದ ಚಾಂಚಲ್ಯ ಕೈಬಿಟ್ಟುಹೋದ ಮೇಲೆ ಗಾಯಕಿ ಯಾವುದನ್ನು ಆಶ್ರಯಿಸಿದರು? ಸವಾಯಿ ಗಂಧರ್ವರಿಂದ ಕಲಿತ ವಿಲಂಬಿತದ ಕ್ರಮವನ್ನು. ಅವರ ಸಭಾಗಾಯನದಲ್ಲಿ ಸ್ವರ ಸ್ವರಕ್ಕೂ ಇದ್ದ ತೂಕ, ಕಳೆದುಕೊಂಡದ್ದರ ಸ್ಥಾನದಲ್ಲಿ ದುಡಿದು ಗಳಿಸಿದ್ದು ಎಂದು ನನಗೆ ತೋರುತ್ತದೆ. ತಟ್ಟೆಯನ್ನಷ್ಟೇ ಕೇಳಿದವನಿಗೂ, ಸಭೆಯಲ್ಲಷ್ಟೇ ಕೇಳಿದವನಿಗೂ ಇದು ತಿಳಿಯದು.

ಸಂಗ್ರಾಹಕನ ಪಾಂಡಿತ್ಯಕ್ಕೆ ಇಲ್ಲಿ ಬೆಲೆ ಬರುತ್ತದೆ. ನಮ್ಮ ವಿದ್ವಾಂಸರು ತಟ್ಟೆ ಕೂಡಿಡುವವನನ್ನು ಅಂಚೆಚೀಟಿ ಕೂಡಿಡುವ ಹುಡುಗನಂತೆ ಕಾಣುವುದುಂಟು. ಹಸ್ತಪ್ರತಿಗಳ ಪಾಠಾಂತರಗಳಿಗಾಗಿ ವರ್ಷಗಟ್ಟಲೆ ಶ್ರಮಿಸುವವರೂ ತಟ್ಟೆಗೆ ಪಾಠಶೋಧನೆ ಬೇಕೆಂದರೆ ನಗುತ್ತಾರೆ. ಒಂದೇ ಒಂದು ಅಂಶವನ್ನು ನೋಡೋಣ. ಈ ತಟ್ಟೆಗಳನ್ನು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳೆಂದು ಕರೆಯುವುದು ರೂಢಿ. ಆದರೆ ಆರಂಭದ ದಶಕಗಳಲ್ಲಿ ಮುದ್ರಣದ ವೇಗ ಸ್ಥಿರವಾಗಿರಲಿಲ್ಲ; ಕೆಲವನ್ನು ಇದಕ್ಕಿಂತ ಕಡಮೆ, ಕೆಲವನ್ನು ಹೆಚ್ಚು ವೇಗದಲ್ಲಿ ಮುದ್ರಿಸಿದರು. 78ರಲ್ಲಿ ಮುದ್ರಿತವಾದುದನ್ನು 80ರಲ್ಲಿ ತಿರುಗಿಸಿದರೆ ಶ್ರುತಿ ಅರ್ಧಸ್ವರದ ಅರ್ಧದಷ್ಟಕ್ಕೆ ಹತ್ತಿರವಾಗಿ ಏರುತ್ತದೆ. 82½ಕ್ಕೆ ತಿರುಗಿಸಿದರೆ ಸುಮಾರಾಗಿ ಇಡೀ ಅರ್ಧಸ್ವರ ಏರಿ, ಕರಿ ಎರಡರಲ್ಲಿ ಹಾಡಿದ್ದು ಬಿಳಿ ಮೂರರಲ್ಲಿ ಹಾಡಿದಂತೆ ಕೇಳುತ್ತದೆ. ಮೂರು ನಿಮಿಷ ಹತ್ತು ಸೆಕೆಂಡಿನ ಹಾಡು ಸುಮಾರು ಹತ್ತು ಸೆಕೆಂಡು ಬೇಗ ಮುಗಿಯುತ್ತದೆ. ತಾನಗಳಿಗೆ ಇಲ್ಲದ ಮಿಂಚು ಬರುತ್ತದೆ. ಇಂಥವರ ಕಂಠ ಇಷ್ಟು ಎತ್ತರ, ತಾನ ಇಷ್ಟು ವೇಗ ಎಂದು ತಟ್ಟೆಯಿಂದ ಸಿದ್ಧಾಂತ ಮಾಡುವವರು ಮೊದಲು ತಾವು ಯಾವ ವೇಗದಲ್ಲಿ ಕೇಳಿದೆವೆಂಬುದನ್ನು ಹೇಳಬೇಕು. ಅಂತರ್ಜಾಲದಲ್ಲಿ ದೊರೆಯುವ ಪ್ರತಿಗಳಲ್ಲಿ ಈ ವಿವರ ಇರುವುದು ಅಪರೂಪ. ಕರಕರ ಸದ್ದನ್ನು ತೆಗೆಯುವ ಉತ್ಸಾಹದಲ್ಲಿ ಕಂಠದ ಅಂಚನ್ನೂ ಒರೆಸಿಹಾಕಿರುವುದು ಬೇರೆ. ನನ್ನಲ್ಲಿರುವ ಒಂದೇ ತಟ್ಟೆಯ ಎರಡು ಪ್ರತಿಗಳಲ್ಲಿ, ಹೆಚ್ಚು ಸವೆದ ಪ್ರತಿಯೇ ಗಾಯಕಿಯ ಉಸಿರನ್ನು ಚೆನ್ನಾಗಿ ಕೇಳಿಸುತ್ತದೆ. ಅಂಗಡಿಯವನು ಅದನ್ನು ಹೆಚ್ಚುಕಡಮೆ ಪುಕ್ಕಟೆಯಾಗಿಯೇ ಕೊಟ್ಟಿದ್ದ.

ಒಂದು ಸಮಾಧಾನವೂ ಉಂಟು. ವೇಗ ಬದಲಾದರೆ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರುತ್ತವೆ, ಇಳಿಯುತ್ತವೆ. ಸ್ವರಸ್ವರಗಳ ನಡುವಣ ಅಂತರ ಕೆಡುವುದಿಲ್ಲ. ಆಧಾರಶ್ರುತಿಯ ವಿಷಯದಲ್ಲಿ ನಂಬತಕ್ಕದ್ದಲ್ಲದ ತಟ್ಟೆ, ಗಾಂಧಾರವನ್ನು ಎಷ್ಟು ಇಳಿಸಿ ಹಿಡಿದರು ಎಂಬ ವಿಷಯದಲ್ಲಿ ನಂಬತಕ್ಕ ಸಾಕ್ಷಿಯೇ.

ಕರ್ಣಾಟಕ ಸಂಗೀತದ ಮಾತು ತುಸು ಬೇರೆ. ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ಕೃತಿ ಸಂಗತಿಗಳನ್ನು ಕಡಮೆ ಮಾಡಿಕೊಂಡರೆ ತಟ್ಟೆಯಲ್ಲಿ ಅಡಗುತ್ತದೆ. ನಷ್ಟವಾಗುವುದು ಪಕ್ಕವಾದ್ಯದವರಿಗೆ, ತನಿಯಾವರ್ತನಕ್ಕೆ ಅಲ್ಲಿ ಎಡೆಯೆಲ್ಲಿ? ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲನ್ನು ರೂಪಿಸಿದ್ದು ದೊಡ್ಡ ಸಭೆಯ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು. ತಟ್ಟೆಯಲ್ಲಿ ಆ ಹಿಂದಿನ ಸಾಲೇ ಇಲ್ಲ.

ತಟ್ಟೆಯಿಂದ ಬೈಠಕ್ಕಿಗೆ ಪ್ರಭಾವ ಹರಿಯಲಿಲ್ಲವೆ? ಹರಿಯಿತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿ, ಅಂದರೆ ಮುಂದಿನ ಕುಮಾರ ಗಂಧರ್ವರು, ಬಾಲಕನಾಗಿದ್ದಾಗ ಹೆಸರು ಗಳಿಸಿದ್ದು ದೊಡ್ಡ ಗಾಯಕರ ತಟ್ಟೆಗಳನ್ನು ಯಥಾವತ್ತಾಗಿ ವೇದಿಕೆಯ ಮೇಲೆ ಹಾಡಿ ತೋರಿಸುವುದರಿಂದ. ಸಭೆಗಳು ಬೆರಗಾದವು. ಈ ಬೆರಗು ಹುಡುಗನನ್ನು ಅಲ್ಲಿಯೇ ನಿಲ್ಲಿಸಿಬಿಡಬಹುದಾಗಿತ್ತು, ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಕ್ಷಣ ದೊರೆತದ್ದು ಸಂಗೀತಪ್ರಪಂಚದ ಪುಣ್ಯ. ಕ್ಷಯರೋಗದಿಂದ ಚೇತರಿಸಿಕೊಂಡ ಮೇಲೆ ಕುಮಾರರು ಹಾಡಿದ ಕಿರುರಚನೆಗಳ ಸಾಂದ್ರತೆಗೆ ಬಾಲ್ಯದ ಆ ಮೂರು ನಿಮಿಷಗಳೇ ಕಾರಣವೆನ್ನುವ ಸಾಹಸವನ್ನು ನಾನು ಮಾಡುವುದಿಲ್ಲ. ಆದರೂ ಖಯಾಲಿನ ಹಿರಿಮೆ ಅದರ ಉದ್ದದಲ್ಲಿದೆಯೆಂಬ ನಂಬಿಕೆಯನ್ನು ಅವರಷ್ಟು ಧೈರ್ಯವಾಗಿ ಅಲುಗಿಸಿದವರು ವಿರಳ. ಮುಕ್ತಕದ ಶಕ್ತಿ ಏನೆಂಬುದನ್ನು ಹತ್ತು ವರ್ಷ ತುಂಬುವ ಮೊದಲೇ ಅವರ ಕಿವಿ ಅರಿತಿತ್ತು ಎಂಬಷ್ಟು ಮಾತ್ರ ಹೇಳಬಹುದು.

ರಸಿಕನ ಕಿವಿಯ ಮೇಲೆ ಆದ ಪರಿಣಾಮ ಇಷ್ಟು ಶುಭಕರವಲ್ಲ. ತಟ್ಟೆಯನ್ನು ನೂರು ಸಲ ಕೇಳಿದವನಿಗೆ, ಆ ದಿನ ಆಕಸ್ಮಿಕವಾಗಿ ಬಂದ ಒಂದು ತಿರುವು ಶಾಸನವಾಗಿಬಿಡುತ್ತದೆ. ಸಭೆಯಲ್ಲಿ ಅದೇ ಗಾಯಕನು ಬೇರೆ ತಿರುವು ತೆಗೆದುಕೊಂಡರೆ ಅವನಿಗೆ ಏನೋ ತಪ್ಪಿದಂತಾಗುತ್ತದೆ. ವಿಸ್ತಾರವಾಗಿ ಯಮನ್ ಹಾಡಿ ದಣಿದ ಹಿರಿಯರಿಗೆ ಹಿಂದಿನ ಸಾಲುಗಳಿಂದ ಚೀಟಿ ಬರುತ್ತದೆ: ಆ ತಟ್ಟೆಯಲ್ಲಿರುವ ದಾಸರ ಪದ ಆಗಲಿ, ಅದರಲ್ಲಿರುವಂತೆಯೇ ಆಗಲಿ. ರಾಗಕಾಲದ ವಿಚಾರದಲ್ಲಿಯೂ ಹೀಗೆಯೇ. ಸಂಜೆಯಲ್ಲಿ ತೋಡಿಯನ್ನು ಕೇಳಲು ತಟ್ಟೆಗೆ ಅಡ್ಡಿಯಿಲ್ಲ. ಇನ್ನೊಂದು ಕಡೆ, 2000ದ ಶಬ್ದಮಾಲಿನ್ಯ ನಿಯಮಗಳಿಂದ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವುದು ಕಷ್ಟವಾದಂದಿನಿಂದ, ಬೆಳಗಿನ ತನಕ ನಡೆಯುತ್ತಿದ್ದ ಸಂಗೀತೋತ್ಸವಗಳು ಮೊಟಕಾದವು. ನಡುರಾತ್ರಿಯ ದರಬಾರಿಯನ್ನು ನಡುರಾತ್ರಿಯಲ್ಲಿ ಕೇಳಬೇಕೆನ್ನುವವನು ಈಗ ಮುದ್ರಿಕೆಯ ಮೊರೆ ಹೋಗಬೇಕಾಗಿದೆ.

ತಟ್ಟೆಗೂ ಬೈಠಕ್ಕಿಗೂ ನಡುವೆ ನಿಲ್ಲುವ ಮೂರನೆಯ ಒಂದು ಸಾಕ್ಷಿಯ ಕಡೆಗೆ ನಮ್ಮ ವಿಭಾಗಗಳು ಗಮನ ಕೊಡುವುದು ಅಗತ್ಯ. ಟೇಪ್ ರೆಕಾರ್ಡರು ಬಂದ ಮೇಲೆ ಅನೇಕ ರಸಿಕರು ಮನೆಗಳಲ್ಲಿಯೂ ಮಠಗಳಲ್ಲಿಯೂ ನಡೆದ ಗಾಯನಗಳನ್ನು ಖಾಸಗಿಯಾಗಿ ಮುದ್ರಿಸಿಕೊಂಡರು. ಮಲ್ಲಿಕಾರ್ಜುನ ಮನ್ಸೂರರ (1910–1992) ಅನವಟ ರಾಗಗಳು ತಮ್ಮ ಪೂರ್ಣ ಪ್ರಮಾಣದಲ್ಲಿ ದೊರೆಯುವುದು ಇಂಥ ಸುರುಳಿಗಳಲ್ಲಿಯೇ. 1930ರ ದಶಕದ ಅವರ ತಟ್ಟೆಗಳಲ್ಲಿ ಅಲ್ಲ. ಇವು ಕಂಪನಿಯ ಮುದ್ರಣದಂತೆ ನಿರ್ಮಲವಲ್ಲ. ತಂಬೂರಿಯ ಶ್ರುತಿಯನ್ನು ನಿಮಿಷಗಟ್ಟಲೆ ಕೂಡಿಸುತ್ತಾರೆ, ಯಾರೋ ಕೆಮ್ಮುತ್ತಾರೆ, ತಬಲದವನಿಗೆ ಲಯ ಹೇಳುತ್ತಾರೆ, ಸಮಕ್ಕೆ ಬಂದಾಗ ಮುಂದೆ ಕುಳಿತ ಮುದುಕರೊಬ್ಬರು 'ಆಹಾ' ಎನ್ನುತ್ತಾರೆ, ಗಾಯಕರು ಅದೇ ಸಂಚಾರವನ್ನು ಇನ್ನೊಮ್ಮೆ ಅವರಿಗಾಗಿ ಹಾಡುತ್ತಾರೆ. ಹೊಸದಾಗಿ ಪ್ರತಿಮಾಡುವವರು ಇವನ್ನೆಲ್ಲ ಕತ್ತರಿಸಿ, ಹಾಡನ್ನಷ್ಟೇ ಉಳಿಸುತ್ತಿದ್ದಾರೆ. ಹಳೆಯ ಓಲೆಯ ಅಂಚಿನ ಟಿಪ್ಪಣಿಯನ್ನು ಕೊಯ್ದು ಬಿಸಾಡುವ ಪಂಡಿತನನ್ನು ನಾವು ಕ್ಷಮಿಸಲಾರೆವು. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಈ ಸುರುಳಿಗಳನ್ನು ಅವುಗಳ ಒಡೆಯರಿಂದ ಎರವು ಪಡೆದು, ಮೊದಲಿಂದ ಕೊನೆಯವರೆಗೆ ಇದ್ದುದಿದ್ದಂತೆ ಪ್ರತಿಮಾಡಿಸಿ, ಊರು, ತಾರೀಖು, ಪಕ್ಕವಾದ್ಯದವರ ಹೆಸರು ಇವನ್ನು ತಿಳಿದವರು ಇರುವಾಗಲೇ ಬರೆಸಿಡತಕ್ಕದ್ದು. ಟೇಪಿನ ಮೇಲಿನ ಲೇಪ ಉದುರಲು ತೊಡಗಿದೆ. ಕೆಲವನ್ನು ಇನ್ನೊಂದೇ ಸಲ ತಿರುಗಿಸಬಹುದು.